ಎಫ್‌ಎ ಅಂಕ ಹಾಕೂದು ಹೆಂಗ, ಪಾಲಕರಿಗೆ ಹೇಳೂದು ಹೆಂಗ? (4 ಮತ್ತು 5ನೇ ತರಗತಿ)

ನವಲಗುಂದ_ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ನವಲಗುಂದ ತಾಲೂಕಿನ ಸರ್ಕಾರಿ ಶಾಲೆಯಲ್ಲಿ ಅತಿಥಿ ಶಿಕ್ಷಕಿಯಾಗಿ 4 ಮತ್ತು 5ನೇ ತರಗತಿ ನೋಡಿಕೊಳ್ಳುತ್ತಿದ್ದೇನೆ. ಎರಡೂ ತರಗತಿ ಒಂದೇ ಕೋಣೆ, ಒಟ್ಟು 31 ಮಕ್ಕಳು. ಎಫ್‌ಎ-2 (ಕಲಿಯುತ್ತಿರುವಾಗಲೇ ಮಾಡುವ ರೂಪಣಾತ್ಮಕ ಮೌಲ್ಯಮಾಪನ, ವರ್ಷಕ್ಕೆ ನಾಲ್ಕರಲ್ಲಿ ಎರಡನೆಯದು) ಹತ್ತಿರ ಬಂದಿದೆ. ದಸರಾ ರಜೆಗೆ ಮುಂಚೆ ಎಸ್‌ಎ-1 (ಅರ್ಧ ವರ್ಷದ ಸಂಕಲನಾತ್ಮಕ ಪರೀಕ್ಷೆ), ಅದಾದ ಮೇಲೆ ‘ಸಮುದಾಯದತ್ತ ಶಾಲೆ’ (ಪಾಲಕರನ್ನು ಕರೆದು ಮಕ್ಕಳ ಕಲಿಕೆ ತೋರಿಸುವ ಸಭೆ).

ನನಗೆ ಮೂರು ಪ್ರಶ್ನೆ. ಮೊದಲನೆಯದು ಎಫ್‌ಎ ಅಂಕಕ್ಕೆ ಮಾಡಿಸುವ ಚಟುವಟಿಕೆಯ ವಿಷಯ. ಪದ್ಯ ಕಂಠಪಾಠ, ಚಾರ್ಟ್ ಮೇಲೆ ಚಿತ್ರ ಅಂಟಿಸುವುದು, ಇವೆರಡನ್ನು ಬಿಟ್ಟು ರಿಜಿಸ್ಟರ್‌ನಲ್ಲಿ ಬೇರೇನೂ ಕಾಣುವುದಿಲ್ಲ. ಪಾಠ ನಿಲ್ಲಿಸದೆ 31 ಮಕ್ಕಳನ್ನು ಒಬ್ಬೊಬ್ಬರಾಗಿ ನೋಡಿ ಅಂಕ ಬರೆಯಲು ಸಾಧ್ಯವಾ? ಎರಡನೆಯದು, ಅಂಕ ಇಳಿಸಿ ಕೂಡಿಸುವಾಗ ಕೈಲೆಕ್ಕಕ್ಕೂ ಕಂಪ್ಯೂಟರ್ ಹಾಳೆಗೂ ಒಂದೊಂದು ಅಂಕ ವ್ಯತ್ಯಾಸ ಬರುತ್ತದೆ. ಯಾವುದನ್ನು ನಂಬಬೇಕು? ಮೂರನೆಯದೇ ದೊಡ್ಡದು. ಪಾಲಕರಲ್ಲಿ ಅರ್ಧದಷ್ಟು ಜನರಿಗೆ ಓದಲು ಬರುವುದಿಲ್ಲ. ಪ್ರಗತಿ ಪತ್ರ ಕೈಗೆ ಕೊಟ್ಟರೆ ಕೇಳುವುದು ಎರಡೇ ಮಾತು: ‘ಪಾಸೋ ಫೇಲೋ?’, ‘ಎಷ್ಟನೇ ನಂಬರ್?’ ಇದಕ್ಕೆ ಏನು ಹೇಳಬೇಕು? 5ನೇ ತರಗತಿಗೆ ಪಬ್ಲಿಕ್ ಪರೀಕ್ಷೆ ಇದೆಯಾ ಎಂದೂ ಕೇಳುತ್ತಾರೆ.

ಕರಿಹಲಗಿ (ಧಾರವಾಡ)

ಮೇಡಂ, ನಿಮ್ಮ ಮೊದಲನೇ ಪ್ರಶ್ನೆಗೆ ಉದ್ದಕ್ಕೆ ಬರೆಯುತ್ತೇನೆ. ಅದು ಸರಿಹೋಗದೆ ಪಾಲಕರಿಗೆ ಹೇಳಲು ನಿಮ್ಮ ಹತ್ತಿರ ಏನೂ ಇರುವುದಿಲ್ಲ.

ಮನೆಯಿಂದ ಮಾಡಿಕೊಂಡು ಬಂದದ್ದಕ್ಕೆ ಅಂಕ ಕೊಡಬೇಡಿ. ಅಕ್ಕ ಬಿಡಿಸಿಕೊಟ್ಟ ಚಿತ್ರಕ್ಕೆ 14 ಹಾಕಿದರೆ ಅದು ಅಕ್ಕನ ಅಂಕ. ಶಾಲೆಯ ಹೊತ್ತಿನಲ್ಲಿ, ನಿಮ್ಮ ಕಣ್ಣೆದುರು, ಮಗು ಮಾಡಿ ತೋರಿಸಿದ್ದಕ್ಕೆ ಮಾತ್ರ ಅಂಕ. ಹಾಗಾಗಿ ಚಟುವಟಿಕೆ ಹುಡುಕುವ ಮೊದಲು ಕಲಿಕಾ ಫಲ (ಮಗು ಏನು ಮಾಡಲು ಕಲಿತಿರಬೇಕು ಅನ್ನುವುದು) ಆರಿಸಿ. ಒಂದು ವಿಷಯಕ್ಕೆ ಎರಡು ಸಾಕು. ಕನ್ನಡದಲ್ಲಿ ‘ನೋಡಿಲ್ಲದ ಪಠ್ಯವನ್ನು ಓದಿ ಸ್ವಂತ ಮಾತಿನಲ್ಲಿ ಹೇಳುವುದು’ ಎಂದು ಇಟ್ಟುಕೊಂಡರೆ ಚಟುವಟಿಕೆ ತಾನಾಗಿ ಸಿಗುತ್ತದೆ: ಪಠ್ಯಪುಸ್ತಕದಲ್ಲಿ ಇಲ್ಲದ 60ರಿಂದ 80 ಪದಗಳ ಒಂದು ಪ್ಯಾರಾ, ದಪ್ಪ ಅಕ್ಷರದಲ್ಲಿ ಬರೆದ ಒಂದು ಕಾರ್ಡು. ಪುಸ್ತಕದ ಪಾಠವನ್ನೇ ಕೊಟ್ಟರೆ ಅರ್ಧ ಮಕ್ಕಳು ಬಾಯಿಪಾಠ ಒಪ್ಪಿಸುತ್ತಾರೆ, ಬೆರಳು ಒಂದು ಸಾಲಿನ ಮೇಲೆ, ಬಾಯಿ ಇನ್ನೊಂದು ಸಾಲಿನಲ್ಲಿ. ಪರಿಸರ ಅಧ್ಯಯನಕ್ಕಾದರೆ ಊರಿನ ನೀರಿನ ಮೂಲಗಳನ್ನು ವಿಂಗಡಿಸಲಿ: ಕೆರೆ, ಬಾವಿ, ಬೋರು, ಮಲಪ್ರಭೆಯ ಕಾಲುವೆ. ಯಾವುದು ಕುಡಿಯಲು, ಯಾವುದು ಹೊಲಕ್ಕೆ, ಬೇಸಿಗೆಯಲ್ಲಿ ಯಾವುದು ಮೊದಲು ಬತ್ತುತ್ತದೆ, ಯಾಕೆ. ಆ ‘ಯಾಕೆ’ಗೇ ಅಂಕ.

ಒಂದು ಚಟುವಟಿಕೆಗೆ 15 ಅಂಕ ಎಂದು ಇಟ್ಟುಕೊಂಡರೆ ಐದು ಮಾನಕ (ಅಳೆಯುವ ಅಂಶ), ಒಂದೊಂದಕ್ಕೆ 3. ಓದಿಗೆ: ತಡವರಿಸದೆ ಓದುವುದು, ಒತ್ತಕ್ಷರ ಮತ್ತು ದೀರ್ಘ, ವಿರಾಮ ಚಿಹ್ನೆಗೆ ನಿಲ್ಲುವುದು, ಸ್ವಂತ ಮಾತಿನಲ್ಲಿ ಹೇಳುವುದು, ಒಂದು ಪ್ರಶ್ನೆಗೆ ಕಾರಣ ಕೊಟ್ಟು ಉತ್ತರಿಸುವುದು. ಈ 3, 2, 1ರ ಅರ್ಥವನ್ನು ಮೊದಲೇ ಗಟ್ಟಿ ಮಾಡಿಕೊಳ್ಳಿ. ಯಾರ ನೆರವೂ ಇಲ್ಲದೆ ಮಾಡಿದರೆ 3, ಒಂದು ಸುಳಿವು ಕೊಟ್ಟ ಮೇಲೆ ಮಾಡಿದರೆ 2, ಪಕ್ಕದಲ್ಲೇ ಕೂತು ಮಾಡಿಸಿದರೆ 1, ಆ ಹೊತ್ತಿಗೆ ಆಗಲೇ ಇಲ್ಲ ಅಂದರೆ 0. ಹೀಗಿದ್ದರೆ ನೀವು ಸೋಮವಾರ ನೋಡಿದ ಮಗುವಿಗೂ ಶುಕ್ರವಾರ ದಣಿದು ನೋಡಿದ ಮಗುವಿಗೂ ಒಂದೇ ಅಳತೆ. ‘ಉತ್ತಮ, ಸಾಧಾರಣ’ ಅಂತ ಇಟ್ಟುಕೊಂಡರೆ ಶುಕ್ರವಾರದ ಮಕ್ಕಳಿಗೆ ನಷ್ಟ.

ಸಮಯದ ಲೆಕ್ಕ: ದಿನಕ್ಕೆ ಆರು ಮಕ್ಕಳು, ಒಬ್ಬರಿಗೆ ಮೂರು ನಿಮಿಷ, ಒಟ್ಟು 18 ನಿಮಿಷ. ಆ ಹೊತ್ತಿನಲ್ಲಿ ಉಳಿದ ಮಕ್ಕಳಿಗೆ ಬರೆಯುವ ಕೆಲಸ. ಆರು ದಿನದಲ್ಲಿ 31 ಮುಗಿದು, ಗೈರಾದವರಿಗೂ ಜಾಗ ಉಳಿಯುತ್ತದೆ. ಎಫ್‌ಎ ಅನ್ನುವುದು ಒಂದು ದಿನದ ಪರೀಕ್ಷೆಯಲ್ಲ, ಹಿಂದಿನ ಎಫ್‌ಎಯಿಂದ ಇಲ್ಲಿಯವರೆಗಿನ ಕಲಿಕೆಯ ನೋಟ. ಕೊನೇ ವಾರಕ್ಕೆ ಕಾಯುವುದೇ ತಪ್ಪು. ಕಾದರೆ ಏನಾಗುತ್ತದೆ ಗೊತ್ತಲ್ಲ, ಲಿಖಿತ ಪರೀಕ್ಷೆಯ ಅಂಕ ನೋಡಿ ಅದಕ್ಕೆ ಹೊಂದುವಂತೆ ಚಟುವಟಿಕೆಯ ಅಂಕ ತುಂಬುವುದು. ಯಾವ ರಿಜಿಸ್ಟರ್ ತೆಗೆದರೂ ಇದನ್ನು ಹಿಡಿಯಬಹುದು: ಲಿಖಿತದಲ್ಲಿ ಹಿಂದಿರುವ ಮಗು ಮೌಖಿಕದಲ್ಲೂ, ಚಿತ್ರದಲ್ಲೂ ಅಷ್ಟೇ ಹಿಂದೆ ಇರುತ್ತದೆ. ನಿಜವಾದ ತರಗತಿಯಲ್ಲಿ ಹಾಗಿರುವುದಿಲ್ಲ.

ದಾಖಲೆಗೆ ಒಂದು ವಿಷಯಕ್ಕೆ ಒಂದು ಹಾಳೆ. ಎಡಕ್ಕೆ ಹೆಸರು, ಮೇಲೆ ಐದು ಮಾನಕ, ಕೊನೆಗೆ ಒಂದು ಅಗಲ ಕಾಲಂ. ಆ ಕಾಲಂನಲ್ಲಿ ‘ಸುಧಾರಿಸಬೇಕು’ ಎಂದು ಬರೆದರೆ ವ್ಯರ್ಥ. ‘ಒತ್ತಕ್ಷರ ಬಿಟ್ಟು ಓದುತ್ತಾಳೆ, ಕಥೆ ಪೂರ್ತಿ ಹೇಳಿದಳು’ ಎಂದು ಬರೆಯಿರಿ. ಪಾಲಕರ ಸಭೆಯಲ್ಲಿ ನಿಮ್ಮ ಬಾಯಿಗೆ ಬರಬೇಕಾದ ವಾಕ್ಯ ಇದೇ.

ಗಣಿತಕ್ಕೆ ಒಂದು ಉದಾಹರಣೆ ಕೊಡದೆ ಮುಗಿಸಲಾರೆ. 503ರಿಂದ 278 ಕಳೆಯಿರಿ ಎಂದು ಕೊಡಿ. ಸರಿ ಉತ್ತರ 225. ತಪ್ಪು ಉತ್ತರಗಳಲ್ಲಿ ಎರಡು ಮತ್ತೆ ಮತ್ತೆ ಬರುತ್ತವೆ. ಒಂದು 375: ಈ ಮಗು ಪ್ರತಿ ಸ್ಥಾನದಲ್ಲೂ ದೊಡ್ಡದರಿಂದ ಚಿಕ್ಕದನ್ನು ಕಳೆದಿದೆ, 8ರಿಂದ 3, 7ರಿಂದ 0, 5ರಿಂದ 2. ಇದಕ್ಕೆ ದಶಕ ತೆಗೆದುಕೊಳ್ಳುವುದು ಅಂದರೇನು ಅನ್ನುವುದೇ ಗೊತ್ತಿಲ್ಲ. ಇನ್ನೊಂದು 235: ಇದು ದಶಕ ತೆಗೆದುಕೊಂಡಿದೆ, ಆದರೆ ನಡುವಿನ ಸೊನ್ನೆ 10 ಆಗಿ, ಅದರಿಂದ ಒಂದು ಬಿಡಿಗೆ ಹೋದ ಮೇಲೆ 9 ಉಳಿಯಬೇಕು ಅನ್ನುವುದನ್ನು ಮರೆತಿದೆ. ಇಬ್ಬರಿಗೂ ಸೊನ್ನೆ ಅಂಕವೇ. ಆದರೆ ಮೊದಲನೆಯ ಮಗುವಿಗೆ ಕಡ್ಡಿ ಕಟ್ಟು ಬಿಚ್ಚಿಸಿ ಸ್ಥಾನಬೆಲೆಯಿಂದ ಶುರು ಮಾಡಬೇಕು, ಎರಡನೆಯದಕ್ಕೆ ನಡುವೆ ಸೊನ್ನೆ ಇರುವ ಐದಾರು ಲೆಕ್ಕ ಮಾಡಿಸಿದರೆ ಸಾಕು. ಇಬ್ಬರನ್ನೂ ಒಂದೇ ಪರಿಹಾರ ಬೋಧನೆಯ ಗುಂಪಿನಲ್ಲಿ ಕೂರಿಸಿದರೆ ಇಬ್ಬರಿಗೂ ಉಪಯೋಗವಿಲ್ಲ. ಉತ್ತರ ಪತ್ರಿಕೆ ತಿದ್ದುವಾಗ ತಪ್ಪು ಗುರುತಿನ ಪಕ್ಕ ಮಗು ಬರೆದ ಉತ್ತರವನ್ನೇ ನಿಮ್ಮ ಹಾಳೆಗೆ ಇಳಿಸಿಕೊಳ್ಳಿ.

ವಾಕ್ಯರೂಪದ ಲೆಕ್ಕ ತಪ್ಪಾದರೆ ಅದೇ ಲೆಕ್ಕವನ್ನು ನೀವು ಓದಿ ಹೇಳಿ ನೋಡಿ. ಕೇಳಿದ ಮೇಲೆ ಮಾಡಿದರೆ ಕೊರತೆ ಓದಿನದು, ಗಣಿತದ್ದಲ್ಲ.

ಲೆಕ್ಕಪಟ್ಟಿ (ಗದಗ)

ಎರಡನೇ ಪ್ರಶ್ನೆಗೆ. ವ್ಯತ್ಯಾಸಕ್ಕೆ ಕಾರಣ ಬಹುತೇಕ ಒಂದೇ: ನೀವು ಹಂತ ಹಂತಕ್ಕೆ ಪೂರ್ಣಾಂಕ ಮಾಡುತ್ತೀರಿ, ಕಂಪ್ಯೂಟರ್ ಹಾಳೆ ಕೊನೆಗೊಮ್ಮೆ ಮಾಡುತ್ತದೆ. ಇಲ್ಲವೇ ಉಲ್ಟಾ.

ನಿಮ್ಮ ತರಗತಿಯ ನಮೂನೆಯಲ್ಲಿ ಅಚ್ಚಾಗಿರುವ ಭಾರಾಂಕವನ್ನೇ (ಒಟ್ಟು ಅಂಕದಲ್ಲಿ ಯಾವುದಕ್ಕೆ ಎಷ್ಟು ಪಾಲು ಅನ್ನುವುದನ್ನೇ) ಹಿಡಿಯಿರಿ. ಇಲ್ಲಿ ಲೆಕ್ಕ ತೋರಿಸಲು ಮಾತ್ರ ಒಂದು ಎಫ್‌ಎ 50ಕ್ಕೆ ಮಾಡಿ 15ಕ್ಕೆ ಇಳಿಸುವುದು, ಒಂದು ಎಸ್‌ಎ 40ಕ್ಕೆ ಮಾಡಿ 20ಕ್ಕೆ ಇಳಿಸುವುದು ಎಂದುಕೊಳ್ಳೋಣ. ಒಂದು ಮಗುವಿಗೆ ನಾಲ್ಕು ಎಫ್‌ಎಗಳಲ್ಲಿ 34, 36, 31, 38 ಬಂದಿವೆ. ಇಳಿಸಿದರೆ 10.2, 10.8, 9.3, 11.4. ಕೂಡಿದರೆ 41.7. ಎರಡು ಎಸ್‌ಎಗಳಲ್ಲಿ 26 ಮತ್ತು 30, ಅಂದರೆ 13 ಮತ್ತು 15, ಒಟ್ಟು 28. ಎಲ್ಲ ಸೇರಿ 69.7, ಪೂರ್ಣಾಂಕ ಮಾಡಿದರೆ 70.

ಅದೇ ಎಫ್‌ಎಗಳನ್ನು ಒಂದೊಂದಾಗಿ ಮೊದಲೇ ಪೂರ್ಣಾಂಕ ಮಾಡಿದರೆ 10, 11, 9, 11, ಒಟ್ಟು 41. ಎಸ್‌ಎ 28 ಸೇರಿದರೆ 69. ಶ್ರೇಣಿ ನೋಡಿ: 90ರಿಂದ 100 ಎ+, 70ರಿಂದ 89 ಎ, 50ರಿಂದ 69 ಬಿ+, 30ರಿಂದ 49 ಬಿ, 30ಕ್ಕಿಂತ ಕಡಿಮೆ ಸಿ. ಒಂದೇ ಮಗು, ಒಂದೇ ಉತ್ತರ ಪತ್ರಿಕೆ, ಒಂದು ದಾರಿಯಲ್ಲಿ ಎ, ಇನ್ನೊಂದು ದಾರಿಯಲ್ಲಿ ಬಿ+. ಆದ್ದರಿಂದ ದಶಮಾಂಶವನ್ನು ಕೊನೆಯವರೆಗೆ ಉಳಿಸಿಕೊಂಡು ಒಟ್ಟು ಮೊತ್ತವನ್ನು ಮಾತ್ರ ಪೂರ್ಣಾಂಕ ಮಾಡುವುದು ಸರಿ ಅನ್ನುವುದು ನನ್ನ ಅಭಿಪ್ರಾಯ. ಅದಕ್ಕಿಂತ ಮುಖ್ಯ, ಶಾಲೆಯ ಎಲ್ಲ ಶಿಕ್ಷಕರೂ ಮುಖ್ಯ ಗುರುಗಳ ಎದುರು ಕೂತು ಒಂದೇ ಪದ್ಧತಿ ಅಂತ ನಿರ್ಧರಿಸಿ ರಿಜಿಸ್ಟರ್‌ನ ಮೊದಲ ಪುಟದಲ್ಲಿ ಬರೆದಿಡುವುದು. ಒಂದು ಕೋಣೆಯಲ್ಲಿ ಒಂದು ಪದ್ಧತಿ, ಪಕ್ಕದ ಕೋಣೆಯಲ್ಲಿ ಇನ್ನೊಂದು ಆದರೆ ಒಂದೇ ಮನೆಯ ಇಬ್ಬರು ಮಕ್ಕಳ ಪ್ರಗತಿ ಪತ್ರ ಇಟ್ಟುಕೊಂಡು ಪಾಲಕರು ಕೇಳಿದಾಗ ಉತ್ತರ ಇರುವುದಿಲ್ಲ.

ಎಸ್‌ಎಟಿಎಸ್‌ಗೆ (ಇಲಾಖೆಯ ಆನ್‌ಲೈನ್ ವಿದ್ಯಾರ್ಥಿ ದಾಖಲೆಗೆ) ಅಂಕ ಹಾಕುವಾಗ ಆಗುವ ತಪ್ಪುಗಳು: 50ಕ್ಕೆ ಬಂದ ಅಂಕ ಕೇಳಿದ ಕಡೆ ಇಳಿಸಿದ ಅಂಕ ತುಂಬುವುದು. ಒಂದು ಸಾಲು ಜಾರಿ ಒಂದು ಮಗುವಿನ ಅಂಕ ಕೆಳಗಿನ ಮಗುವಿಗೆ ಹೋಗುವುದು. ಹಾಜರಿ ಪುಸ್ತಕದಲ್ಲಿ ಗಂಡು ಹೆಣ್ಣು ಬೇರೆ ಬೇರೆ ಬರೆದು, ಪರದೆಯ ಮೇಲೆ ಅಕಾರಾದಿಯಲ್ಲಿ ಬಂದರೆ ಇದು ಖಂಡಿತ. ನಿಮ್ಮ ಅಂಕಪಟ್ಟಿಯನ್ನೇ ಪರದೆಯ ಕ್ರಮದಲ್ಲಿ ಬರೆದುಕೊಂಡರೆ ಅರ್ಧ ತಾಪತ್ರಯ ತಪ್ಪಿತು. ಒಬ್ಬರು ಹೆಸರು ಮತ್ತು ಅಂಕ ಓದಬೇಕು, ಇನ್ನೊಬ್ಬರು ತುಂಬಬೇಕು, ಮುಗಿದ ಮೇಲೆ ಅದಲು ಬದಲಾಗಿ ಓದಿ ತಾಳೆ ನೋಡಬೇಕು. 31 ಮಕ್ಕಳಿಗೆ ಇದು ಅರ್ಧ ಗಂಟೆಯ ಕೆಲಸ. ಕೊನೆಗೆ ದೃಢೀಕರಿಸುವ ಮುನ್ನ ಒಂದು ಪ್ರತಿ ಮುದ್ರಿಸಿ ನೋಡಿ. ದೃಢೀಕರಿಸಿದ ಮೇಲೆ ತಿದ್ದಲು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಅಲೆದಾಟ.

ಗೈರಾದ ಮಗುವಿಗೆ ಸೊನ್ನೆ ಬರೆಯಬೇಡಿ. ಸೊನ್ನೆ ಅಂದರೆ ಮಾಡಿ ನೋಡಿತು, ಆಗಲಿಲ್ಲ. ಗೈರು ಅಂದರೆ ನಾವು ನೋಡಿಯೇ ಇಲ್ಲ. ಹತ್ತಿ ಬಿಡಿಸುವ ಕಾಲಕ್ಕೆ, ಮೆಣಸಿನಕಾಯಿ ಹರಿಯುವ ಕಾಲಕ್ಕೆ ವಾರಗಟ್ಟಲೆ ಬಾರದ ಮಕ್ಕಳು ನಮ್ಮ ಜಿಲ್ಲೆಗಳಲ್ಲಿ ಇದ್ದೇ ಇರುತ್ತಾರೆ. ಬಂದ ವಾರದಲ್ಲಿ ಅವರಿಗೆ ಅದೇ ಮಾನಕದಲ್ಲಿ ಬೇರೆ ಕಾರ್ಡು ಕೊಟ್ಟು ಮೌಲ್ಯಮಾಪನ ಮಾಡಿ, ಪಕ್ಕದಲ್ಲಿ ದಿನಾಂಕ ಬರೆಯಿರಿ.

ಇನ್ನೊಂದು. 2025-26ರಿಂದ ಪಾಠ ಆಧಾರಿತ ಮೌಲ್ಯಾಂಕನವೂ ಬಂದಿರುವುದರಿಂದ ಕಾಗದದ ಹೊರೆ ಹೆಚ್ಚಾಗಿದೆ ಅನ್ನುವ ಗೊಣಗು ಎಲ್ಲ ಕಡೆ ಇದೆ, ಸುಳ್ಳಲ್ಲ. ಪಾಠ ಮುಗಿದಾಗ ನೋಡಿದ್ದನ್ನು ಬೇರೆ ಪುಸ್ತಕಕ್ಕೆ ಬರೆಯದೆ ಮೇಲೆ ಕರಿಹಲಗಿಯವರು ಹೇಳಿದ ಹಾಳೆಗೇ ಬರೆದುಕೊಂಡರೆ ಎಫ್‌ಎ ಬರೆಯುವಾಗ ಹೊಸದಾಗಿ ಹುಡುಕುವುದು ತಪ್ಪುತ್ತದೆ.

ಬ್ಯಾಡಗಿ_ಎಸ್‌ಡಿಎಂಸಿ

ನಾ ಪಾಲಕರ ಕಡಿಂದ ಹೇಳ್ತೀನ್ರಿ ಅಕ್ಕಾರ. ಸಭಾಕ್ಕ ಮಂದಿ ಬರಂಗಿಲ್ಲ ಅನ್ನೂದು ಎಲ್ಲಾ ಸಾಲ್ಯಾಗೂ ಇರೂ ಮಾತು. ಆದ್ರ ಕರಿಯೂ ದಿನ ನೋಡ್ರಿ. ಕೂಲಿ ಬಿಟ್ಟು ಬಾ ಅಂದ್ರ ಯಾರ ಬರ್ತಾರ? ನಮ್ಮ ಕಡೆ ಬಾಳ ಊರಾಗ ಸೋಮವಾರ ಎತ್ತು ಹೂಡಂಗಿಲ್ಲ, ಅಮಾಸಿಗೂ ಹೂಡಂಗಿಲ್ಲ. ಆ ದಿನ ಮುಂಜಾನೆ ಇಡ್ರಿ, ಗಂಡಸರೂ ಸಿಗ್ತಾರ. ಎಳ್ಳಮಾಸಿ ಮಾತ್ರ ಬ್ಯಾಡ, ಆವತ್ತ ಊರಿಗೆ ಊರೇ ಚರಗ ಚೆಲ್ಲಾಕ ಹೊಲದಾಗ ಇರ್ತೈತಿ. ಸಂತಿ ದಿನಾನೂ ಬ್ಯಾಡ. ಪ್ಯಾಟ್ಯಾಗಿನ ಸಾಲಿ ಆದ್ರ ಶನಿವಾರ ಮುಂಜಾನಿ ಸಾಲಿ ಬಿಟ್ಟ ಮ್ಯಾಲೆ ಚಲೋ, ಮಕ್ಕಳನ್ನ ಕರ್ಕೊಂಡ ಹೋಗಾಕ ತಾಯಂದ್ರು ಹೆಂಗೂ ಬಂದಿರ್ತಾರ. ಸುಗ್ಗಿ ಹೊತ್ತಿನಾಗ ಏನ್ ಮಾಡಿದ್ರೂ ಬರಂಗಿಲ್ಲ, ಆವಾಗ ಸಂಜಿ ಮುಂದ ಓಣ್ಯಾಗ ಒಂದ ಕಟ್ಟಿ ಮ್ಯಾಲೆ ಕುಂತು ಐದಾರು ಮನಿಯವರನ್ನ ಕರೀರಿ.

31 ಹುಡುಗ್ರು, ಒಬ್ಬೊಬ್ಬರಿಗೆ ಐದು ನಿಮಿಷ ಅಂದ್ರ ಎರಡೂವರಿ ತಾಸಿನ ಮ್ಯಾಲಾತು. ಎಲ್ಲಾರನ್ನೂ ಹತ್ತಕ್ಕ ಬರ್ರಿ ಅಂದ್ರ ಕಡೀಗೆ ಇರೂ ತಾಯಿ ಎದ್ದ ಹೋಗ್ತಾಳ. ಎರಡ ದಿನ ಮಾಡ್ರಿ, ನಾಕನೇತ್ತೆ ಒಂದ ದಿನ, ಐದನೇತ್ತೆ ಒಂದ ದಿನ. ತಾಸಿಗೆ ಎಂಟ ಮನಿ ಅಂತ ಹುಡುಗ್ರ ಕೈಲೇ ಹೊತ್ತು ಹೇಳಿ ಕಳಸ್ರಿ.

ಕುಂತ ಮ್ಯಾಲೆ ಪ್ರಗತಿ ಪತ್ರ ಮೊದಲ ತಗೀಬ್ಯಾಡ್ರಿ. ಹುಡುಗನ ನೋಟಬುಕ್ಕು, ಕೃತಿ ಸಂಪುಟದಾಗಿನ (ಹುಡುಗ ಮಾಡಿದ ಕೆಲಸ ಕೂಡಿಸಿಟ್ಟ ಕಡತದಾಗಿನ) ಹಾಳಿ ತಗೀರಿ. ಜೂನದಾಗ ಬರದಿದ್ದು ಒಂದು, ಈಗ ಬರದಿದ್ದು ಒಂದು, ಎರಡೂ ಬಾಜೂಕ ಇಡ್ರಿ. ಓದಾಕ ಬರದ ತಾಯಿಗೂ ಅಕ್ಷರ ಗುಂಡಗ ಆಗ್ಯಾವು, ಸಾಲು ನೆಟ್ಟಗ ಬಂದಾವು ಅನ್ನೂದು ಕಾಣ್ತೈತಿ. ಆಮ್ಯಾಲೆ ಮೂರ ಮಾತು: ಇದು ಬರ್ತೈತಿ, ಇದು ಇನ್ನೂ ಬರಂಗಿಲ್ಲ, ಇದನ್ನ ಮನ್ಯಾಗ ಮಾಡ್ರಿ. ಮನ್ಯಾಗ ಮಾಡೂದು ಅಂದ್ರ ‘ಅಭ್ಯಾಸ ಮಾಡಸ್ರಿ’ ಅನಬ್ಯಾಡ್ರಿ, ತಾಯಿಗೆ ಅದು ಹೆಂಗ ಅಂತ ಗೊತ್ತಿಲ್ಲ. ‘ಸಂತಿ ಚೀಟಿ ಅವನ ಕೈಲೆ ಬರಸ್ರಿ, ಅಂಗಡ್ಯಾಗ ಅವನ ಓದಲಿ’, ‘ಬಸ್ಸಿನ ಬೋರ್ಡ ಓದಸ್ರಿ’, ‘500 ರೂಪಾಯಿ ಕೊಟ್ಟು 278 ರೂಪಾಯಿ ಸಾಮಾನ ತಂದ್ರ ಎಷ್ಟ ಉಳೀಬೇಕು ಅಂತ ಅವನ್ನ ಕೇಳ್ರಿ’ ಅನ್ರಿ. ಕಳೆಯೂ ಲೆಕ್ಕಕ್ಕ ಇದಕ್ಕಿಂತ ಚಲೋ ಪುಸ್ತಕ ಇಲ್ಲ.

‘ಪಾಸೋ ಫೇಲೋ’ ಅಂದ್ರ ಸಿಟ್ಟ ಆಗಬ್ಯಾಡ್ರಿ, ಅವ್ರಿಗೆ ಗೊತ್ತಿರೂ ಮಾತ ಅದ. ‘ಮುಂದಿನ ವರ್ಗಕ್ಕ ಹೋಗ್ತಾನ, ಆದ್ರ ದಸರಾ ಸೂಟಿ ಮುಗಿಯೂದ್ರಾಗ ಒತ್ತಕ್ಷರ ಕಲೀಬೇಕು’ ಅಂತ ಹೇಳ್ರಿ. ಹೆಬ್ಬಟ್ಟ ಒತ್ತಿಸ್ಕೊಂಡ್ರ ಹೇಳಿದಂಗ ಆಗಂಗಿಲ್ಲ. ಏಳೂ ಮುಂದ ‘ನಾ ಏನ್ ಹೇಳ್ದೆ, ನೀವ್ ಹೇಳ್ರಿ ನೋಡೂಣು’ ಅಂತ ಕೇಳ್ರಿ. ಅವ್ರ ಬಾಯಾಗ ಬಂದ್ರ ಮುಟ್ಟೇತಿ ಅಂತ.

ಹಳೇ_ಹುಬ್ಬಳ್ಳಿ

ಎಲ್ಲಾ ಸರಿ. ಆದರೆ ಸಭೆಯಲ್ಲಿ ಮೊದಲ ಮೂರು ಸ್ಥಾನ ಓದಿ ಚಪ್ಪಾಳೆ ಹೊಡೆಸಿದರೆ ತಪ್ಪೇನು? ಉಳಿದ ಮಕ್ಕಳಿಗೂ ಹುರುಪು ಬರುತ್ತದೆ. ಪಾಲಕರಿಗೆ ನಂಬರೇ ಬೇಕು, ಖಾಸಗಿ ಶಾಲೆಯವರು ಕೊಡುತ್ತಾರೆ, ನಾವು ಕೊಡುವುದಿಲ್ಲ ಅಂದರೆ ಟಿಸಿ ತೆಗೆದುಕೊಂಡು ಹೋಗುತ್ತಾರೆ.

ಲೆಕ್ಕಪಟ್ಟಿ (ಗದಗ)

ಸರ್, ಮೇಲಿನ ಉದಾಹರಣೆಯ 69 ಮತ್ತು 70ನ್ನು ಮತ್ತೊಮ್ಮೆ ನೋಡಿ. ಪೂರ್ಣಾಂಕ ಮಾಡುವ ಪದ್ಧತಿಯಿಂದಲೇ ಒಂದು ಅಂಕ ಹೆಚ್ಚು ಕಡಿಮೆ ಆಗುವಾಗ ಮೂರನೇ ನಂಬರ್ ಯಾರು, ನಾಲ್ಕನೇ ನಂಬರ್ ಯಾರು ಅನ್ನುವುದಕ್ಕೆ ಆಧಾರವೇ ಇಲ್ಲ. ಮೂರು ಅಂಕದ ಒಂದು ಮಾನಕದಲ್ಲಿ ಶಿಕ್ಷಕರ ಅಂದಾಜೇ ಅಷ್ಟು ಆಚೀಚೆ ಆಗಬಹುದು. ಶ್ರೇಣಿ ಕೊಡುವ ಪದ್ಧತಿ ಬಂದದ್ದೇ ಈ ಕಾರಣಕ್ಕೆ. ಹುರುಪಿನ ಮಾತು ಹೇಳಿದಿರಿ. ಹುರುಪು ಬರುವುದು ನಾಲ್ಕನೇ ಮತ್ತು ಐದನೇ ನಂಬರಿನವರಿಗೆ ಮಾತ್ರ. 31ನೆಯ ಮಗುವಿನ ತಾಯಿ ಮುಂದಿನ ಸಭೆಗೆ ಬರುವುದಿಲ್ಲ, ನಿಮಗೆ ಹೆಚ್ಚು ಬೇಕಾದವಳು ಅವಳೇ.

ಕಾನೂನಿನ ಮಾತಾದರೆ, 2009ರ ಶಿಕ್ಷಣ ಹಕ್ಕು ಕಾಯ್ದೆಯ 24ನೇ ಕಲಂ ಶಿಕ್ಷಕರ ಕರ್ತವ್ಯಗಳನ್ನು ಹೇಳುತ್ತದೆ: ಪಾಲಕರ ಸಭೆಯನ್ನು ನಿಯಮಿತವಾಗಿ ಕರೆದು ಮಗುವಿನ ಹಾಜರಾತಿ, ಕಲಿಯುವ ಸಾಮರ್ಥ್ಯ, ಕಲಿಕೆಯ ಪ್ರಗತಿ ತಿಳಿಸಬೇಕು. ಸ್ಥಾನ ತಿಳಿಸಿ ಎಂದು ಎಲ್ಲೂ ಇಲ್ಲ. ಅದೇ ಕಾಯ್ದೆಯ 17ನೇ ಕಲಂ ಮಾನಸಿಕ ಹಿಂಸೆಯನ್ನು ನಿಷೇಧಿಸುತ್ತದೆ. ತುಂಬಿದ ಸಭೆಯಲ್ಲಿ ಕೊನೆಯ ಹೆಸರು ಓದುವುದು ಅದರ ಗಡಿಗೆ ಬಹಳ ಹತ್ತಿರ. ತರಗತಿಯ ವಾಟ್ಸಾಪ್ ಗುಂಪಿಗೆ ಇಡೀ ಅಂಕಪಟ್ಟಿಯ ಫೋಟೊ ಹಾಕುವುದೂ ಅಷ್ಟೇ ತಪ್ಪು. ಮನೆಗೊಂದೇ ಫೋನು, ಅದು ಅಣ್ಣನ ಕೈಯಲ್ಲಿ, ಓಣಿಗೆಲ್ಲ ಸುದ್ದಿ. ಬರಲಾಗದ ಪಾಲಕರಿಗೆ ಒಂದು ನಿಮಿಷಕ್ಕೆ ಮೀರದ ಧ್ವನಿ ಸಂದೇಶವನ್ನು ಅವರ ನಂಬರಿಗೆ ಮಾತ್ರ ಕಳಿಸಿ.

5ನೇ ತರಗತಿಯ ಪರೀಕ್ಷೆಯ ಬಗ್ಗೆ. ಕಾಯ್ದೆಯ 16ನೇ ಕಲಂಗೆ 2019ರಲ್ಲಿ ತಿದ್ದುಪಡಿಯಾಗಿ 5 ಮತ್ತು 8ನೇ ತರಗತಿಗೆ ಪರೀಕ್ಷೆ ನಡೆಸಲು ಅವಕಾಶ ಬಂತು. 2023-24ರಲ್ಲಿ ನಮ್ಮ ರಾಜ್ಯದಲ್ಲಿ 5, 8, 9 ಮತ್ತು 11ನೇ ತರಗತಿಗೆ ಮಂಡಳಿ ಪರೀಕ್ಷೆ ನಡೆದು, ಅದು ನ್ಯಾಯಾಲಯದ ಮೆಟ್ಟಿಲೇರಿ, ಫಲಿತಾಂಶ ಪ್ರಕಟಿಸುವುದಕ್ಕೆ ಸುಪ್ರೀಂ ಕೋರ್ಟ್ 2024ರ ಏಪ್ರಿಲ್ 8ರಂದು ತಡೆ ಕೊಟ್ಟಿತು. ಪಾಲಕರ ತಲೆಯಲ್ಲಿ ಉಳಿದಿರುವ ‘ಪಬ್ಲಿಕ್’ ಅದು. ಸುತ್ತೋಲೆ ಕೈಗೆ ಬಾರದೆ ಆ ಪದ ಬಳಸಬೇಡಿ.

ನವಲಗುಂದ_ಶಿಕ್ಷಕಿ

ಎಲ್ಲರಿಗೂ ಧನ್ಯವಾದ. 375 ಮತ್ತು 235ರ ಮಾತು ತರಗತಿಯಲ್ಲಿ ಇವತ್ತೇ ನೋಡಬಹುದಾದದ್ದು. ಇನ್ನೊಂದು ಅನುಮಾನ. ನಾಲ್ಕನೇ ತರಗತಿಯಲ್ಲಿ ಇಬ್ಬರು ಲಂಬಾಣಿ ಮಕ್ಕಳು, ಒಬ್ಬ ಮನೆಯಲ್ಲಿ ಉರ್ದು ಮಾತಾಡುವ ಹುಡುಗ. ಬಾಯಲ್ಲಿ ಹೇಳುತ್ತಾರೆ, ಬರೆದರೆ ಏನೂ ಇಲ್ಲ. ನಲಿ-ಕಲಿಯಲ್ಲಿ (1ರಿಂದ 3ನೇ ತರಗತಿಯ ಚಟುವಟಿಕೆ ಪದ್ಧತಿಯಲ್ಲಿ) ಮೂರನೇ ತರಗತಿ ಮುಗಿಸಿಯೇ ಬಂದವರು. ಕನ್ನಡ ಲಿಖಿತದಲ್ಲಿ ಮೂವರಿಗೂ ಸಿ ಬರುವಂತಿದೆ. ಹಾಗೇ ಬಿಡುವುದಾ, ಸ್ವಲ್ಪ ಎತ್ತಿ ಹಾಕುವುದಾ?

ನಲಿಕಲಿ_ಮುಂಡರಗಿ

ಎತ್ತಿ ಹಾಕಬೇಡಿ. ಸಿ ಬಂದದ್ದನ್ನು ಬಿ ಮಾಡಿದರೆ ಮಗುವಿಗೆ ಪರಿಹಾರ ಬೋಧನೆಯ ಪಟ್ಟಿಯಲ್ಲಿ ಜಾಗ ಹೋಗುತ್ತದೆ. ಆದರೆ ಆ ಸಿ ಯಾವುದರದು ಅಂತ ಬಿಡಿಸಿ ನೋಡಿ.

ಮೊದಲು ಹಿಂದಿನ ಶಿಕ್ಷಕರ ಹತ್ತಿರ ಆ ಮಕ್ಕಳ ಪ್ರಗತಿ ನೋಟ ಕೇಳಿ. ನಲಿ-ಕಲಿಯಲ್ಲಿ ಮಗು ತನ್ನ ವೇಗದಲ್ಲಿ ಕಲಿಕಾ ಏಣಿ (ಕಲಿಕೆಯ ಹಂತಗಳ ಪಟ್ಟಿ) ಹತ್ತುತ್ತದೆ, ಪೂರ್ಣ ಶಿಕ್ಷಕರ ನೆರವಿನ ತಟ್ಟೆಯಿಂದ ಸ್ವಕಲಿಕೆಯ ತಟ್ಟೆಯವರೆಗೆ ಐದು ತಟ್ಟೆ, ಅಂದರೆ ಗುಂಪು. ಜೂನ್ ಬಂದಾಗ ವಯಸ್ಸಿನ ಲೆಕ್ಕದಲ್ಲಿ ನಾಲ್ಕಕ್ಕೆ ಬಂದಿರುತ್ತದೆ, ಆದರೆ ಏಣಿಯಲ್ಲಿ ಇನ್ನೂ ಕೆಲವು ಮೈಲಿಗಲ್ಲು ಬಾಕಿ ಇರಬಹುದು. ಯಾವ ಮೈಲಿಗಲ್ಲಿನಲ್ಲಿ ನಿಂತಿದೆ ಅನ್ನುವುದು ಗೊತ್ತಾದರೆ ನೀವು ಎಲ್ಲಿಂದ ಹಿಡಿಯಬೇಕು ಅನ್ನುವುದೂ ಗೊತ್ತಾಯಿತು. ಸೇತುಬಂಧದ (ವರ್ಷದ ಮೊದಲಿಗೆ ಹಿಂದಿನ ತರಗತಿಯ ಕಲಿಕೆ ಗಟ್ಟಿ ಮಾಡಿಸುವ ಪಾಠಗಳ) ಪೂರ್ವ ಪರೀಕ್ಷೆಯ ಹಾಳೆ ಇದ್ದರೆ ಅದನ್ನೂ ತೆಗೆಯಿರಿ.

ಆಮೇಲೆ ಬರವಣಿಗೆಯನ್ನು ಮೂರು ಮೆಟ್ಟಿಲಲ್ಲಿ ನೋಡಿ: ನೋಡಿ ಬರೆಯುವುದು, ಕೇಳಿ ಬರೆಯುವುದು, ತಾನಾಗಿ ಬರೆಯುವುದು. ಹತ್ತು ಪದದ ಉಕ್ತಲೇಖನ ಸಾಕು. ಎರಡು ಮೂರು ಅಕ್ಷರದ ಸರಳ ಪದ, ಗುಣಿತಾಕ್ಷರ ಇರುವ ಪದ, ಸಜಾತಿ ಒತ್ತು, ವಿಜಾತಿ ಒತ್ತು, ಹೀಗೆ ಏರುತ್ತ ಹೋಗಲಿ: ಮರ, ಬಸವ, ಗಾಳಿ, ಕೂಲಿ, ಮೇಕೆ, ಅಜ್ಜಿ, ಹತ್ತಿ, ಬೆಲ್ಲ, ಅಕ್ಷರ, ವಸ್ತ್ರ. ಮಗು ಎಲ್ಲಿ ನಿಂತಿತು ಅನ್ನುವುದು ಐದು ನಿಮಿಷದಲ್ಲಿ ಕಾಣುತ್ತದೆ. ‘ಬರೆಯಲು ಬರುವುದಿಲ್ಲ’ ಅನ್ನುವ ಬದಲು ‘ಗುಣಿತಾಕ್ಷರದವರೆಗೆ ಬರುತ್ತದೆ, ಒತ್ತಿಗೆ ನಿಲ್ಲುತ್ತದೆ’ ಅನ್ನಬಹುದು.

ಮನೆ ಮಾತಿನದು ಇನ್ನೊಂದು. ಕನ್ನಡ ಮನೆಯ ಮಗುವೇ ‘ಅವ್ವ ಹೊಲಕ್ಕ ಹೋಗ್ಯಾಳ’ ಎಂದು ಬರೆದರೆ ವಿಷಯಗ್ರಹಣಕ್ಕೆ ಪೂರ್ತಿ ಅಂಕ ಕೊಡಬೇಕು, ಗ್ರಾಂಥಿಕ ರೂಪ ಬೇರೆ ಮಾನಕ. ಲಂಬಾಣಿ ಮಗು ಪರಿಸರ ಅಧ್ಯಯನದಲ್ಲಿ ಉತ್ತರವನ್ನು ಅರ್ಧ ತನ್ನ ಮನೆಮಾತು ಗೋರಬೋಲಿಯಲ್ಲಿ ಹೇಳಿದರೂ ವಿಷಯ ಸರಿ ಇದ್ದರೆ ಸರಿಯೇ. ತಾಂಡಾದಿಂದ ಬರುವ ಐದನೇ ತರಗತಿಯ ಹುಡುಗಿಯನ್ನು ಪಕ್ಕ ಕೂರಿಸಿಕೊಂಡರೆ ಅರ್ಥ ಹೇಳುತ್ತಾಳೆ. ಭಾಷೆಯ ಕೊರತೆಯನ್ನು ಗಣಿತದಲ್ಲಿ, ಪರಿಸರದಲ್ಲಿ, ಕನ್ನಡದಲ್ಲಿ ಮೂರು ಸಲ ಕಳೆಯುವುದು ಯಾವ ನ್ಯಾಯ?

ಕರಿಹಲಗಿ (ಧಾರವಾಡ)

ಇದಕ್ಕೆ ಒಂದೇ ಮಾತು ಸೇರಿಸುತ್ತೇನೆ, ಪ್ರಗತಿ ಪತ್ರದ ಷರಾ ಕಾಲಂ ಬಗ್ಗೆ. ಜಾಗ ಎರಡೇ ಸಾಲು. ‘ಶ್ರಮ ಪಡಬೇಕು’, ‘ಗಮನ ಕೊಡಬೇಕು’, ‘ಪರವಾಗಿಲ್ಲ’ ಈ ಮೂರನ್ನೂ ಬಿಟ್ಟುಬಿಡಿ. ನಿಮ್ಮ ಮೂವರಲ್ಲಿ ಒಬ್ಬ ಮಗುವಿಗೆ ಹೀಗೆ ಬರೆಯಬಹುದು: ‘ಕೇಳಿದ ಕಥೆಯನ್ನು ಕ್ರಮವಾಗಿ ಹೇಳುತ್ತಾನೆ. ಗುಣಿತಾಕ್ಷರದ ಪದ ಬರೆಯುತ್ತಾನೆ, ಒತ್ತಕ್ಷರ ಕಲಿಯುತ್ತಿದ್ದಾನೆ.’ ಸಹಿ ಮಾಡಿಸುವ ಮುನ್ನ ಅದನ್ನು ಆ ಮಗುವಿನ ಕೈಯಲ್ಲೇ ತಾಯಿಯ ಎದುರು ಓದಿಸಿ. ಷರಾದಲ್ಲಿ ‘ಕಲಿಯುತ್ತಿದ್ದಾನೆ’ ಅನ್ನುವಲ್ಲಿ ಒತ್ತಕ್ಷರ ಎರಡು ಇವೆ, ತಡವರಿಸಿದರೆ ನೀವು ಹೇಳಿಕೊಡಿ. ಎಸ್‌ಎ-1 ಉತ್ತರ ಪತ್ರಿಕೆಯನ್ನೂ ಅವತ್ತೇ ಪಾಲಕರ ಕೈಗೆ ಕೊಟ್ಟು ನೋಡಲು ಬಿಡಿ, ನೋಡಿದ ಮೇಲೆ ಕೃತಿ ಸಂಪುಟಕ್ಕೆ ಸೇರಿಸಿ. ಎಫ್‌ಎ-3 ಹೊತ್ತಿಗೆ ಪಕ್ಕ ಇಟ್ಟು ನೋಡಲು ಅದು ಬೇಕಾಗುತ್ತದೆ.